ಬ್ಲೂಟೂತಾ, ವೈರಾ, ವೈರ್‌ಲೆಸ್ಸಾ? ಘಾಟಿ ರಸ್ತೆಯಲ್ಲಿ ಫೋನು ಕಾರಿಗೆ ಜೋಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರು, ಮೂಡಿಗೆರೆ, ಚಾರ್ಮಾಡಿ, ಸಕಲೇಶಪುರ ಅಂತ ಓಡಾಡುವವರಿಗೆ ವೈರ್ ಹಾಕುವ ಆಂಡ್ರಾಯ್ಡ್ ಆಟೊನೇ (ಫೋನಿನ ಮ್ಯಾಪು, ಹಾಡನ್ನು ಕಾರಿನ ಸ್ಕ್ರೀನ್ ಮೇಲೆ ತರುವ ವ್ಯವಸ್ಥೆ) ಒಳ್ಳೆಯದು. ವೈರ್‌ಲೆಸ್ ಊರೊಳಗೆ ಚೆಂದ. ಹಳೇ ಕಾರು ಇಟ್ಟುಕೊಂಡವರಿಗೆ ಬ್ಲೂಟೂತ್ ಮತ್ತು ಒಂದು ಗಟ್ಟಿ ಫೋನ್ ಸ್ಟ್ಯಾಂಡ್ ಸಾಕು. ಯಾಕೆ ಅಂತ ತಿಳಿಯಬೇಕಿದ್ದರೆ ಮುಂದೆ ಓದಿ, ಇಲ್ಲದಿದ್ದರೆ ಇಲ್ಲಿಗೇ ಬಿಡಬಹುದು.

ನಮ್ಮ ಮನೆಯಲ್ಲಿ ಎರಡು ಕಾರು. ನನ್ನದು ಹಳೇ ಹ್ಯಾಚ್‌ಬ್ಯಾಕ್. ಅದರ ಸ್ಟೀರಿಯೊದಲ್ಲಿ ಬ್ಲೂಟೂತ್ ಇದೆ, ಆಕ್ಸ್ (ಫೋನಿನ ಹೆಡ್‌ಫೋನ್ ತೂತಿಂದ ವೈರ್ ಎಳೆದು ಹಾಕುವ ಜಾಗ) ಇದೆ, ಪೆನ್‌ಡ್ರೈವ್ ಹಾಕಲು ಒಂದು ಯುಎಸ್‌ಬಿ ಇದೆ. ಅಣ್ಣನದು ಟಚ್ ಸ್ಕ್ರೀನ್ ಇರುವ ಕಾರು, ವೈರ್ ಹಾಕಿದರೆ ಆಂಡ್ರಾಯ್ಡ್ ಆಟೊ ಬರುತ್ತದೆ. ಹಾಸನದಲ್ಲಿರುವ ಭಾವನ ಕಾರಿನಲ್ಲಿ ಕಂಪನಿಯಿಂದಲೇ ವೈರ್‌ಲೆಸ್ ಕೊಟ್ಟಿದ್ದಾರೆ. ಮೂರರಲ್ಲೂ ನನ್ನ ಅದೇ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್ ಹಾಕಿ ಓಡಿಸಿದ್ದೇನೆ. ಹೆಂಡತಿಯದು ಐಫೋನ್, ಹಾಗಾಗಿ ಐಫೋನಿಗೆ ಇರುವ ಅಂಥದ್ದೇ ವ್ಯವಸ್ಥೆ ಕಾರ್‌ಪ್ಲೇ ಕೂಡ ನೋಡಿದ್ದಾಯಿತು.

ಹಳೇ ಕಾರಿನಿಂದ ಶುರು ಮಾಡೋಣ. ಎಫ್‌ಎಂ ಟ್ರಾನ್ಸ್‌ಮಿಟರ್ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಆ ಚಿಕ್ಕ ಸಾಮಾನು ಫೋನಿನ ಹಾಡನ್ನು ರೇಡಿಯೊ ಅಲೆಯಾಗಿ ಕಳಿಸುತ್ತದೆ, ಸ್ಟೀರಿಯೊ ಅದನ್ನು ರೇಡಿಯೊ ಕೇಂದ್ರ ಹಿಡಿದ ಹಾಗೆ ಹಿಡಿಯುತ್ತದೆ. ಚಿಕ್ಕಮಗಳೂರಲ್ಲಿ ಖಾಲಿ ಇದ್ದ ಜಾಗಕ್ಕೆ ಬೇಲೂರು ದಾಟಿ ಹಾಸನದ ಹತ್ತಿರ ಹೋಗುವಷ್ಟರಲ್ಲಿ ಯಾವುದೋ ಸ್ಟೇಷನ್ ಬಂದು ಕೂರುತ್ತದೆ, ಗೊರಗೊರ ಶುರು. ಬೇರೇನೂ ಇಲ್ಲದ ಕಾರಿಗೆ ಮಾತ್ರ.

ಆಕ್ಸ್ ವೈರನ್ನು ಎಲ್ಲರೂ ಮರೆತಿದ್ದಾರೆ, ಆದರೆ ನನ್ನ ಕಾರಿನಲ್ಲಿ ಹಾಡಿಗೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಫೋನಿಂದ ಸೀದಾ ಸ್ಟೀರಿಯೊಗೆ, ನಡುವೆ ತಡವಿಲ್ಲ. ತೊಂದರೆ ಬರುವುದು ಫೋನನ್ನು ಅದೇ ಕಾರಿನ ಚಾರ್ಜರ್‌ಗೂ ಹಾಕಿದಾಗ. ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದ ಹಾಗೆ ಆ ಸದ್ದೂ ಏರುತ್ತದೆ. ಸ್ಪೀಕರ್ ಹೋಯಿತು ಅಂತ ಅಂಗಡಿಗೆ ಓಡಬೇಡಿ. ಚಾರ್ಜರ್ ಮತ್ತು ಆಕ್ಸ್ ಎರಡು ಕಡೆಯಿಂದಲೂ ಅರ್ತ್ ಸಿಕ್ಕು ಒಂದು ಸುತ್ತು ಆಗುತ್ತದೆ, ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್‌ನ ಸದ್ದು ಅದರೊಳಗೆ ನುಗ್ಗುತ್ತದೆ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಹಾಕಿದರೆ ಸದ್ದು ಹೋಗುತ್ತದೆ. ಈಗಿನ ಬಹಳಷ್ಟು ಫೋನುಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲ. ಅಂಥವಕ್ಕೆ ಟೈಪ್-ಸಿಯಿಂದ 3.5 ಮಿಲಿಮೀಟರ್‌ಗೆ ಬರುವ ಕನೆಕ್ಟರ್ ಬೇಕು. ಅದರಲ್ಲೂ ಎರಡು ಜಾತಿ ಇದೆ, ಒಳಗೆ ಸಣ್ಣ ಚಿಪ್ ಇರುವುದು, ಇಲ್ಲದ್ದು. ಚಿಪ್ ಇಲ್ಲದ್ದು ಎಲ್ಲಾ ಫೋನಿಗೂ ಆಗುವುದಿಲ್ಲ, ಕೇಳಿ ತಗೊಳ್ಳಿ.

ಬ್ಲೂಟೂತ್‌ಗೆ ಬರೋಣ. ಕೀ ತಿರುಗಿಸಿ ಗೇಟು ದಾಟುವಷ್ಟರಲ್ಲಿ ಫೋನು ಜೋಡಿಸಿಕೊಂಡು ನಿನ್ನೆ ನಿಲ್ಲಿಸಿದ ಹಾಡು ಮುಂದುವರಿಯುತ್ತದೆ, ಜೇಬಿಂದ ಫೋನು ತೆಗೆಯುವ ಹಾಗೇ ಇಲ್ಲ. ದಿನಕ್ಕೆ ಹತ್ತು ಸಲ ತೋಟಕ್ಕೂ ಪೇಟೆಗೂ ಓಡಾಡುವವರಿಗೆ ಇದು ಕಮ್ಮಿ ಸುಖ ಅಲ್ಲ. ಹಾಡು ಮಂಕಾಗಿ ಕೇಳುತ್ತಿದ್ದರೆ ಒಮ್ಮೆ ಫೋನಿನ ವಾಲ್ಯೂಮ್ ನೋಡಿ. ಅದನ್ನು ಪೂರ್ತಿಯ ಹತ್ತಿರ ಇಟ್ಟು, ಕಮ್ಮಿ ಜಾಸ್ತಿ ಮಾಡುವುದನ್ನು ಸ್ಟೀರಿಯೊದಲ್ಲೇ ಮಾಡಬೇಕು. ತುಂಬಾ ಜನ ಫೋನಿನಲ್ಲಿ ಅರ್ಧ ಇಟ್ಟು ಸ್ಟೀರಿಯೊ ಕಿವಿ ಹಿಂಡುತ್ತಾರೆ.

ಆದರೆ ದಾರಿ ಹೇಳುವ ವಿಷಯದಲ್ಲಿ ಬ್ಲೂಟೂತ್ ಕೈಕೊಡುತ್ತದೆ. ಹಾಡು ಇಲ್ಲದೆ ಬರೀ ಮ್ಯಾಪ್ ಹಾಕಿಕೊಂಡು ಹೋಗುವಾಗ ನಡುವಿನ ಸಂಪರ್ಕ ಸುಮ್ಮನಿರುತ್ತದೆ, ಮಾತು ಬಂದಾಗ ಎದ್ದು ಕೂರಲು ಅದಕ್ಕೆ ಒಂದು ಕ್ಷಣ ಬೇಕು. ಅಷ್ಟರಲ್ಲಿ ಮೊದಲ ಪದ ನುಂಗಿ ಹೋಗಿರುತ್ತದೆ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುವ ಹಾಗೆ ಇಟ್ಟುಕೊಂಡಿದ್ದೇನೆ, ನನಗೆ ಕೇಳಿಸುವುದು 'ತಿರುಗಿ' ಅಂತ ಮಾತ್ರ. ಎಡಕ್ಕೋ ಬಲಕ್ಕೋ ದೇವರಿಗೇ ಗೊತ್ತು! ಮ್ಯಾಪ್ಸ್ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಬ್ಲೂಟೂತ್ ಮೂಲಕ ಕೇಳಿಸುವುದನ್ನು ಆಫ್ ಮಾಡಿದರೆ ಮಾತು ಫೋನಿನ ಸ್ಪೀಕರ್‌ನಲ್ಲೇ ಬರುತ್ತದೆ. ನಾನು ಹಾಗೇ ಮಾಡಿದ್ದೇನೆ, ಫೋನು ಸ್ಟ್ಯಾಂಡ್‌ನಲ್ಲಿ ಎದುರಿಗೇ ಇರುವುದರಿಂದ ಚೆನ್ನಾಗಿ ಕೇಳುತ್ತದೆ. ಸ್ಟ್ಯಾಂಡ್ ಅಂದೆನಲ್ಲ, ಅದು ಗಾಜಿಗೆ ಅಂಟುವುದಲ್ಲ, ಎಸಿ ತೂತಿಗೆ ಕೊಕ್ಕೆ ಹಾಕಿ ಬಿಗಿ ಮಾಡುವಂಥದ್ದು. ಎಸಿ ಗಾಳಿಗೆ ಫೋನು ತಣ್ಣಗೂ ಇರುತ್ತದೆ. ಫೋನು ಕೈಯಲ್ಲಿ ಹಿಡಿದು ಮಾತಾಡಿದರೆ ದಂಡ ಗ್ಯಾರಂಟಿ. ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ತಪ್ಪದ ಹಾಗೆ ಬಳಸಬಹುದು ಅಂತ 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮದಲ್ಲಿದೆ.

ಇನ್ನು ಅಣ್ಣನ ಕಾರು. ಆಂಡ್ರಾಯ್ಡ್ ಆಟೊ 2015ರಲ್ಲಿ ಕಾರುಗಳಿಗೆ ಬಂತು, ಆ್ಯಪಲ್ ಕಾರ್‌ಪ್ಲೇ ಅದಕ್ಕಿಂತ ಒಂದು ವರ್ಷ ಮುಂಚೆ. ಎರಡರಲ್ಲೂ ಕೆಲಸ ಮಾಡುವುದು ಫೋನೇ, ಕಾರಿನ ಸ್ಕ್ರೀನ್ ತೋರಿಸುತ್ತದೆ ಅಷ್ಟೇ. ಹಾಗಾಗಿ ಮ್ಯಾಪ್ ತಡವರಿಸುತ್ತಿದ್ದರೆ ಕಾರನ್ನು ಬೈಯುವ ಮುಂಚೆ ಫೋನು ಎಷ್ಟು ಹಳೆಯದು ಅಂತ ಯೋಚಿಸಿ.

ವೈರ್ ಹಾಕಿದ್ದು ಒಮ್ಮೆ ಸರಿಯಾಗಿ ಕೂತರೆ ಚಾರ್ಮಾಡಿಯ ಕೊನೇ ತಿರುವಿನವರೆಗೂ ಅಲ್ಲಾಡುವುದಿಲ್ಲ. ಮ್ಯಾಪ್ ದೊಡ್ಡದಾಗಿ ಕಾಣುತ್ತದೆ, ದಾರಿ ಹೇಳುವ ಮಾತು ಪೂರ್ತಿ ಬರುತ್ತದೆ, ಫೋನು ಚಾರ್ಜ್ ಆಗುತ್ತಲೇ ಇರುತ್ತದೆ. ಚಾರ್ಜ್ ನಿಧಾನ ಅನ್ನುವುದು ನಿಜ. ಕಾರಿನ ಡೇಟಾ ಪೋರ್ಟ್‌ಗಳು ಮನೆಯ ಫಾಸ್ಟ್ ಚಾರ್ಜರ್ ಕೊಡುವಷ್ಟು ಕರೆಂಟ್ ಕೊಡುವುದಿಲ್ಲ. ಆದರೂ ಉಜಿರೆ ಮುಟ್ಟುವಾಗ ಬ್ಯಾಟರಿ ಹೊರಟಾಗ ಇದ್ದುದಕ್ಕಿಂತ ಮೇಲೆಯೇ ಇರುತ್ತದೆ.

'ಸರಿಯಾಗಿ ಕೂತರೆ' ಅಂದೆ, ಗೋಳು ಇರುವುದೆಲ್ಲ ಅಲ್ಲೇ. ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ಎಳೆ ಇರುತ್ತದೆ, ಎರಡು ಕರೆಂಟಿಗೆ, ಎರಡು ಡೇಟಾಗೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತದೆ, ಸ್ಕ್ರೀನ್‌ನಲ್ಲಿ ಏನೂ ಬರುವುದಿಲ್ಲ, ಜನ ಸೀದಾ ಸರ್ವಿಸ್ ಸೆಂಟರ್‌ಗೆ ಹೋಗುತ್ತಾರೆ. ಒಂದು ಮೀಟರ್‌ಗಿಂತ ಗಿಡ್ಡ ಇರುವ ಒಳ್ಳೇ ಕೇಬಲ್ ತಗೊಳ್ಳಿ. ಹಿಂದಿನ ಸೀಟಿಗೂ ಎಟಕಲಿ ಅಂತ ಎರಡು ಮೀಟರ್‌ದು ಹಾಕಿದರೆ ಪ್ರತಿ ಗುಂಡಿಗೂ ಕಟ್ ಆಗುತ್ತದೆ. ಮೂಡಿಗೆರೆ ರಸ್ತೆ ಗೊತ್ತಲ್ಲ. ಕಾರಿನಲ್ಲಿ ಎರಡು ಯುಎಸ್‌ಬಿ ಇದ್ದರೆ ಎಷ್ಟೋ ಸಲ ಒಂದೇ ಡೇಟಾದ್ದು, ಇನ್ನೊಂದು ಬರೀ ಚಾರ್ಜಿಗೆ. ಇಷ್ಟೆಲ್ಲ ಸರಿ ಇದ್ದೂ ಪದೇ ಪದೇ ಕಟ್ ಆಗುತ್ತಿದ್ದರೆ ಟಾರ್ಚ್ ಹಾಕಿ ಫೋನಿನ ತೂತು ನೋಡಿ. ಜೇಬಿನ ನೂಲು, ಧೂಳು ಸೇರಿ ತಳದಲ್ಲಿ ಗಟ್ಟಿಯಾಗಿರುತ್ತದೆ, ಪಿನ್ನು ಪೂರ್ತಿ ಒಳಗೆ ಹೋಗುವುದೇ ಇಲ್ಲ. ಫೋನು ಆಫ್ ಮಾಡಿ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಕೆದಕಿ. ಅಣ್ಣ ಹೊಸ ಫೋನು ತಗೊಳ್ಳಲು ಹೊರಟಿದ್ದವನು ಇದಾದ ಮೇಲೆ ಸುಮ್ಮನಾದ, ಅತ್ತಿಗೆಗೆ ಅಷ್ಟೇ ಖುಷಿ.

ಭಾವನ ಕಾರಿನ ವೈರ್‌ಲೆಸ್ ನೋಡಿ ಮೊದಲು ನನಗೂ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಹತ್ತಿ ಕೂತರೆ ಮ್ಯಾಪ್ ತಾನೇ ಬರುತ್ತದೆ. ಇದರಲ್ಲಿ ಬ್ಲೂಟೂತ್ ಬರೀ ಪರಿಚಯ ಮಾಡಿಸಿಕೊಡುತ್ತದೆ, ಆಮೇಲೆ ಕೆಲಸವೆಲ್ಲ 5 ಗಿಗಾಹರ್ಟ್ಸ್ ವೈಫೈ ಮೇಲೆ. ಆಂಡ್ರಾಯ್ಡ್ 11 ಅಥವಾ ಮೇಲಿನದು ಇದ್ದು ಫೋನಿಗೆ ಆ ವೈಫೈ ಇದ್ದರೆ ಆಗುತ್ತದೆ. ಹಾಸನದೊಳಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಹೀಗೆ ಹತ್ತಿ ಇಳಿದು ಮಾಡುವವರಿಗೆ ಇದಕ್ಕಿಂತ ಬೇರೆ ಬೇಡ. ಪ್ರತಿ ಸಲ ಕೇಬಲ್ ಹಾಕಲು ಯಾರಿಗೆ ಬೇಕು?

ಆದರೆ ಶಿರಾಡಿಗೆ ಇಳಿಸಿ ನೋಡಿ. ಮ್ಯಾಪ್, ಹಾಡು, ವೈಫೈ, ಟವರ್ ಹುಡುಕಾಟ ಎಲ್ಲ ಒಟ್ಟಿಗೆ ನಡೆದು ಫೋನು ಕಾವಲಿ ಹಾಗೆ ಬಿಸಿ ಆಗುತ್ತದೆ. ಗೇರ್ ಮುಂದೆ ಇರುವ ವೈರ್‌ಲೆಸ್ ಚಾರ್ಜಿಂಗ್ ಜಾಗದಲ್ಲಿ ಇಟ್ಟರೆ ಬಿಸಿ ಇನ್ನೂ ಜಾಸ್ತಿ. ಬಿಸಿ ಆದ ಫೋನು ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತದೆ. ಭಾವ ಈಗ ಸಕಲೇಶಪುರ ದಾಟುವಾಗ ಕೇಬಲ್ ಹಾಕಿಬಿಡುತ್ತಾರೆ, ವೈರ್‌ಲೆಸ್ ಕಾರಿಗೆ ಅಷ್ಟು ದುಡ್ಡು ಕೊಟ್ಟು! ಅಕ್ಕ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಇನ್ನೊಂದು ತಮಾಷೆ ಇದೆ. ಡ್ರೈವರ್ ಬಂದು ಕಾರು ತೊಳೆಯಲು ಸ್ಟಾರ್ಟ್ ಮಾಡಿ ಅಂಗಳಕ್ಕೆ ತಂದರೆ, ಮನೆಯೊಳಗೆ ಮಾತಾಡುತ್ತಿದ್ದ ಭಾವನ ಕರೆ ಕಾರಿನ ಸ್ಪೀಕರ್‌ಗೆ ಹಾರುತ್ತದೆ. ಬ್ಯಾಂಕಿನವರ ಮಾತು ಬೀದಿಗೆಲ್ಲ ಕೇಳುತ್ತದೆ.

ಅಣ್ಣನ ಕಾರಿಗೆ ವೈರ್‌ಲೆಸ್ ಡಾಂಗಲ್ ಕೂಡ ಹಾಕಿ ನೋಡಿದೆವು. ₹2,500ರಿಂದ ₹5,000ದ ಆಸುಪಾಸಿನಲ್ಲಿ ಸಿಗುವ ಚಿಕ್ಕ ಡಬ್ಬಿ ಅದು. ಇದು ಕೆಲಸ ಮಾಡುವುದು ಮೊದಲೇ ವೈರ್ ಆಂಡ್ರಾಯ್ಡ್ ಆಟೊ ಇರುವ ಕಾರಿನಲ್ಲಿ ಮಾತ್ರ. ನನ್ನ ಹಳೇ ಸ್ಟೀರಿಯೊಗೆ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಅಣ್ಣನ ಕಾರಿನಲ್ಲಿ ಆಯಿತು, ಆದರೆ ಡಬ್ಬಿ ಮೊದಲು ತಾನು ಎದ್ದು ಆಮೇಲೆ ಫೋನು ಹುಡುಕುತ್ತದೆ. ಅಷ್ಟರಲ್ಲಿ ಚಿಕ್ಕಮಗಳೂರು ಪೇಟೆಯ ಹನುಮಂತಪ್ಪ ವೃತ್ತ ಬಂದಿರುತ್ತದೆ. ಹಾಡು ಬದಲಿಸಲು ಒತ್ತಿದರೆ ಹಳೇ ಹಾಡು ಇನ್ನೊಂದು ಗುಟುಕು ಮುಗಿಸಿಯೇ ಹೋಗುವುದು. ಒಂದು ವಾರ ಇಟ್ಟುಕೊಂಡು ವಾಪಸ್ ಮಾಡಿದ.

ಕರೆಗಳ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಇದು ಯಾರಿಗೂ ಹೊಳೆಯುವುದಿಲ್ಲ. ಆಂಡ್ರಾಯ್ಡ್ ಆಟೊ ವೈರ್ ಹಾಕಿಯೇ ಬಳಸಿದರೂ ಫೋನ್ ಕರೆ ಹೋಗುವುದು ಬ್ಲೂಟೂತ್ ಮೇಲೆಯೇ. ಆಚೆಯವರಿಗೆ ನಿಮ್ಮ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿದರೆ ದುಬಾರಿ ಕೇಬಲ್ ತಂದು ಏನೂ ಪ್ರಯೋಜನವಿಲ್ಲ. ಬ್ಲೂಟೂತ್ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ ಬಳಸುತ್ತದೆ. ಕರೆಯ ದಾರಿ ಇಕ್ಕಟ್ಟು, ಸೆಕೆಂಡಿಗೆ ಸದ್ದಿನ 8,000 ಅಥವಾ 16,000 ಮಾದರಿ (ಸ್ಯಾಂಪಲ್) ಅಷ್ಟೇ ತಗೊಳ್ಳುತ್ತದೆ. ಹಾಡಿನಲ್ಲಿ ಅದು 44,100. ಕಾರ್‌ಪ್ಲೇ ಹಾಗಲ್ಲ, ಕೇಬಲ್ ಹಾಕಿದರೆ ಕರೆಯೂ ಕೇಬಲ್‌ನಲ್ಲೇ ಹೋಗುತ್ತದೆ. ಅಣ್ಣನ ಕಾರಿನಲ್ಲಿ ನಾನು ಮಾತಾಡಿದ್ದಕ್ಕಿಂತ ನನ್ನ ಹೆಂಡತಿ ಮಾತಾಡಿದ್ದು ಅಪ್ಪನಿಗೆ ಸ್ಪಷ್ಟವಾಗಿ ಕೇಳಿತು. ಅಪ್ಪ ಅದಕ್ಕೆ ಬೇರೆ ಕಾರಣ ಹೇಳುತ್ತಾರೆ, ಬಿಡಿ. ಜೊತೆಗೆ ಮೈಕ್ ಎಲ್ಲಿದೆ ಅನ್ನುವುದೂ ಮುಖ್ಯ. ಹೊರಗಿಂದ ಹಾಕಿಸಿದ ಸ್ಟೀರಿಯೊದಲ್ಲಿ ಮೈಕ್ ಡಬ್ಬಿಯ ಮೇಲೆಯೇ ಇದ್ದರೆ, ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ಬ್ಲೋವರ್ ಜೋರು ಮಾಡಿದಾಗ ಅದರ ಸದ್ದೇ ಆಚೆ ಹೋಗುತ್ತದೆ. ವೈರ್ ಎಳೆದು ಮೈಕನ್ನು ಮುಂದಿನ ಗಾಜಿನ ಪಕ್ಕದ ಕಂಬದ ಹತ್ತಿರ ಕೂರಿಸುವ ಸ್ಟೀರಿಯೊ ಇದ್ದರೆ ಅದನ್ನೇ ಹಾಕಿಸಿ.

ಕಾರ್‌ಪ್ಲೇ ಬಗ್ಗೆ ಇನ್ನೇನೂ ದೂರಿಲ್ಲ. ಸಿರಿ ಆನ್ ಇರಬೇಕು, ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಐಫೋನ್ 15ರಿಂದ ಟೈಪ್-ಸಿ ಬಂದಿರುವುದರಿಂದ ಒಂದೇ ಕೇಬಲ್ ಇಬ್ಬರಿಗೂ ಆಗುತ್ತದೆ, ಮನೆಯಲ್ಲಿ ಒಂದು ಜಗಳ ಕಮ್ಮಿ.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರಿಗೆ ಒಂದು ಮಾತು. ಹತ್ತು ವರ್ಷ ಹಿಂದಿನ ಕೆಲವು ಕಾರುಗಳಲ್ಲಿ ಮಿರರ್‌ಲಿಂಕ್ ಅಂತ, ಫೋನನ್ನು ಕಾರಿನ ಸ್ಕ್ರೀನ್‌ಗೆ ಜೋಡಿಸುವ ಹಳೇ ವ್ಯವಸ್ಥೆ ಇರುತ್ತದೆ, ಮಾರುವವರು ಅದನ್ನೇ ಆಂಡ್ರಾಯ್ಡ್ ಆಟೊ ಅನ್ನುವ ಹಾಗೆ ಹೇಳುತ್ತಾರೆ. ಸ್ಯಾಮ್‌ಸಂಗ್ 2020ರಲ್ಲೇ ಅದನ್ನು ಕೈಬಿಟ್ಟಿತು. ಈಗಿನ ಫೋನಿಗೆ ಅದು ಇಲ್ಲದ ಲೆಕ್ಕ. ಹಾಗೇ ಅಂಗಡಿಯಲ್ಲಿ ತೋರಿಸುವ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಅಂದರೆ ಟ್ಯಾಬ್ಲೆಟ್ ಒಂದನ್ನು ಡ್ಯಾಶ್‌ಬೋರ್ಡ್‌ಗೆ ಕೂರಿಸಿದ್ದು. ಅದರಲ್ಲಿ ಆಂಡ್ರಾಯ್ಡ್ ಆಟೊ ಇರಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಫೋನನ್ನು ಅಲ್ಲೇ ಸಿಕ್ಕಿಸಿ ನೋಡಿ ದುಡ್ಡು ಕೊಡಿ. ವಾರಂಟಿ ಇರುವ ಕಾರಾದರೆ ವೈರ್ ಕತ್ತರಿಸಲು ಬಿಡಬೇಡಿ, ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಇರುವುದನ್ನೇ ಕೇಳಿ.

ಯಾವುದೇ ಜೋಡಣೆ ಇರಲಿ, ಟವರ್ ಇಲ್ಲದ ಕಡೆ ಮ್ಯಾಪ್ ಮೊದಲೇ ಇಳಿಸಿಕೊಂಡಿಲ್ಲದಿದ್ದರೆ ಎಲ್ಲ ಒಂದೇ. ಕೊಟ್ಟಿಗೆಹಾರ ಬಿಟ್ಟ ಮೇಲೆ, ಆ ಕಡೆ ಮಾರನಹಳ್ಳಿಯಿಂದ ಗುಂಡ್ಯದವರೆಗೆ ನನ್ನ ಸಿಮ್ ಬಂದು ಹೋಗಿ ಮಾಡುತ್ತದೆ. ನೀವು ಎಲ್ಲಿದ್ದೀರಿ ಅಂತ ಜಿಪಿಎಸ್ ಹೇಳುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಮೊದಲೇ ಹಾಕಿದ ದಾರಿಯೂ ನಡೆಯುತ್ತದೆ. ಆದರೆ ಒಂದು ತಿರುವು ತಪ್ಪಿಸಿ ಎಸ್ಟೇಟ್ ರಸ್ತೆಗೆ ಹೊಕ್ಕರೆ ಹೊಸ ದಾರಿ ಹುಡುಕಲು ಮ್ಯಾಪ್ ಫೋನಿನಲ್ಲೇ ಇರಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೊ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚಿಕ್ಕಮಗಳೂರಿಂದ ಉಜಿರೆ, ಹಾಸನ ಎಲ್ಲ ಸೇರುವ ಹಾಗೆ ಚೌಕ ಎಳೆದು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಟ್ರಾಫಿಕ್ ಎಷ್ಟಿದೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ, ದಾರಿ ಸಿಗುತ್ತದೆ. ಹಾಡೂ ಹಾಗೇ, ಮೊದಲೇ ಇಳಿಸಿಟ್ಟುಕೊಳ್ಳಿ. ಅಪ್ಪನಂತೂ ಇವತ್ತಿಗೂ ಪೆನ್‌ಡ್ರೈವ್ ಬಿಟ್ಟಿಲ್ಲ. ಅದನ್ನು ಫ್ಯಾಟ್32 ಅನ್ನುವ ಹಳೇ ಫೈಲ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ ಎಂಪಿ3 ತುಂಬಿ ಕೊಟ್ಟಿದ್ದೇನೆ, ಎಕ್ಸ್‌ಫ್ಯಾಟ್ ಆದರೆ ನನ್ನ ಸ್ಟೀರಿಯೊ ಓದುವುದಿಲ್ಲ. ಘಾಟಿಯಲ್ಲಿ ಎಲ್ಲರ ಫೋನೂ ಸುಮ್ಮನಾದಾಗ ಅವರ ಹಾಡು ಮಾತ್ರ ನಡೆಯುತ್ತಿರುತ್ತದೆ.

ಕಾರು ಮಾರುವಾಗ ಅಥವಾ ಬಾಡಿಗೆ ಕಾರಿಗೆ ಫೋನು ಜೋಡಿಸಿದ ಮೇಲೆ, ಸ್ಟೀರಿಯೊದ ಪಟ್ಟಿಯಿಂದ ನಿಮ್ಮ ಫೋನಿನ ಹೆಸರು ಅಳಿಸಿ. ಬ್ಲೂಟೂತ್ ಜೋಡಿಸುವಾಗ ಕಾಂಟ್ಯಾಕ್ಟ್ಸ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಎಷ್ಟೋ ಕಾರುಗಳು ನಂಬರುಗಳನ್ನೆಲ್ಲ ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಹಳೇ ಕಾರು ಕೊಂಡಾಗ ನನ್ನ ಸ್ಟೀರಿಯೊದಲ್ಲಿ ಹಿಂದಿನವರ ಬಂಧು ಬಳಗ, ಗ್ಯಾಸಿನವರು, ಹಾಲಿನವರು ಎಲ್ಲ ಇದ್ದರು. ನಾನು ಅಳಿಸಿದೆ, ಎಲ್ಲರೂ ಅಳಿಸುತ್ತಾರೆ ಅಂತೇನಿಲ್ಲ.