ರಜೆಯಲ್ಲಿ ರಾಫ್ಟಿಂಗ್‌ಗೆ ಹೊರಟವರು ಮೊದಲು ಲೈಫ್ ಜಾಕೆಟ್ಟಿನ ಬಕಲ್ ನೋಡಿ

ಜನವರಿ 26 ಶುಕ್ರವಾರ ಬಿದ್ದಿತ್ತು. ಮೂರು ದಿನ ಸತತ ರಜೆ. ಆಫೀಸಿನ ಗೆಳೆಯರು ಆರು ಜನ ಟಿಟಿ ಮಾಡಿಕೊಂಡು ದಾಂಡೇಲಿಗೆ ಹೊರಟೆವು. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಬೇಕು ಅನ್ನೋದು ನಮಗೆಲ್ಲ ತುಂಬಾ ದಿನದ ಆಸೆ. ಆರು ಜನರಲ್ಲಿ ಈಜು ಬರುತ್ತಿದ್ದದ್ದು ಇಬ್ಬರಿಗೆ. ನನಗೂ ಬರುವುದಿಲ್ಲ, ನನ್ನ ರೂಂಮೇಟ್‌ಗೂ ಬರುವುದಿಲ್ಲ. ಯಾರನ್ನೂ ಹೆದರಿಸೋಕೆ ಇದನ್ನು ಬರೆಯುತ್ತಿಲ್ಲ. ಆ ಜಾಗ ಚೆನ್ನಾಗಿದೆ, ಹೋಗಿ. ನಾವು ನೋಡದೆ ಬಿಟ್ಟದ್ದನ್ನು ನೀವು ನೋಡಿಕೊಂಡು ಹೋಗಿ, ಅಷ್ಟೇ.

ಬುಕಿಂಗ್ ಎಲ್ಲ ವಾಟ್ಸಾಪ್‌ನಲ್ಲೇ ಆಯಿತು. ರೂಮು, ಊಟ, ಒಂಬತ್ತು ಕಿಲೋಮೀಟರ್ ರಾಫ್ಟಿಂಗ್ ಎಲ್ಲ ಸೇರಿ ಒಂದು ಪ್ಯಾಕೇಜ್. ರಾಫ್ಟಿಂಗ್ ಶುರುವಾಗುವ ಗಣೇಶಗುಡಿಗೆ ಹೋಗಿ ಇಳಿದರೆ ಜಾತ್ರೆ ಥರ ಜನ. ‘ಇವತ್ತು ಲಾಂಗ್ ಇಲ್ಲ, ಶಾರ್ಟ್ ಮಾತ್ರ, ನೀರು ಕಮ್ಮಿ ಇದೆ’ ಅಂದರು ರಾಫ್ಟಿಂಗ್‌ನವರು. ಅಲ್ಲೇ ಚಹಾ ಅಂಗಡಿಯವರು ವಿಷಯ ಬಿಡಿಸಿ ಹೇಳಿದರು. ಸೂಪಾ ಡ್ಯಾಮಿನ ಬುಡದಲ್ಲಿ ಪವರ್ ಹೌಸ್ ಇದೆ. ಅಲ್ಲಿ ಕರೆಂಟ್ ತಯಾರಿಸಿ ಬಿಡುವ ನೀರೇ ರಾಫ್ಟಿಂಗ್‌ಗೆ ಆಧಾರ. ಟರ್ಬೈನ್ ಓಡಿದರೆ ನೀರು, ನಿಂತರೆ ಬಂಡೆ. ಹಾಗಿರುವಾಗ ಇಷ್ಟೇ ದೂರ ಅಂತ ವಾರದ ಮೊದಲೇ ಮಾತು ಕೊಡುವುದೇ ತಪ್ಪು ಅಲ್ವಾ?

ಸಾಲಿನಲ್ಲಿ ಎರಡು ಗಂಟೆ ನಿಂತೆವು. ಒಂದು ಕಾಗದ ಕೊಟ್ಟು ಸಹಿ ಹಾಕಿ ಅಂದರು. ಟಿಟಿಯ ಬಾನೆಟ್ ಮೇಲಿಟ್ಟು ಹಾಕಿದೆವು, ಒಬ್ಬರೂ ಓದಲಿಲ್ಲ. ಹಿಂದಿನ ಬ್ಯಾಚಿನವರು ಬಿಚ್ಚಿ ಹಾಕಿದ್ದ ಜಾಕೆಟ್‌ಗಳು ನೆಲದ ಮೇಲೆ ರಾಶಿ ಬಿದ್ದಿದ್ದವು, ನೀರು ಸೋರುತ್ತಿದ್ದವು. ಕೈಗೆ ಸಿಕ್ಕಿದ್ದನ್ನು ತೊಟ್ಟೆವು. ರೂಂಮೇಟ್‌ಗೆ ಸಿಕ್ಕಿದ್ದಕ್ಕೆ ಮೂರು ಬಕಲ್ ಇರಬೇಕಿತ್ತು. ಮೇಲಿನದು ಮುರಿದಿತ್ತು. ನಡುವಿನದರ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ದಾರ ಕಟ್ಟಿದ್ದರು, ಬಟ್ಟೆ ಒಣಗಿಸೋಕೆ ಕಟ್ಟುತ್ತೇವಲ್ಲ, ಅಂಥದ್ದು. ಅವಳು ತೋರಿಸಿದಳು. ‘ಏನೂ ಆಗಲ್ಲ ಮೇಡಂ, ಚಿಕ್ಕ ರಾಪಿಡ್’ ಅಂದರು ಅಲ್ಲಿದ್ದವರು. ರಾಪಿಡ್ ಅಂದರೆ ಬಂಡೆಗಳ ನಡುವೆ ನೀರು ರಭಸವಾಗಿ ನುಗ್ಗುವ ಜಾಗ. ಹಿಂದೆ ಸಾಲು ಕಾಯುತ್ತಿತ್ತು. ನಾನೂ ‘ಬಾರೇ, ಲೇಟಾಗ್ತಿದೆ’ ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ರಾಫ್ಟಿಗೆ ಹತ್ತಿಸಿದ್ದು ಹನ್ನೆರಡು ಜನರನ್ನು, ಜೊತೆಗೆ ಗೈಡ್. ಅಂಚಿನ ಮೇಲೆ ಕೂತು, ಕಾಲನ್ನು ಒಳಗೆ ಸಿಕ್ಕಿಸಿಕೊಂಡು ಹುಟ್ಟು ಹಾಕಬೇಕು ಅಂತ ಹೇಳಿಕೊಟ್ಟಿದ್ದರು. ಆದರೆ ಕಾಲಿಡೋಕೇ ಜಾಗ ಇರಲಿಲ್ಲ. ನಾಲ್ವರು ಮಧ್ಯದಲ್ಲಿ ಸುಮ್ನೆ ಕುಕ್ಕರುಗಾಲಲ್ಲಿ ಕೂತಿದ್ದರು. ಫಾರ್ವರ್ಡ್, ಬ್ಯಾಕ್, ಗೆಟ್ ಡೌನ್ ಅಂತ ಎರಡು ನಿಮಿಷ ಪಾಠ ಆಯಿತು. ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಹೇಳಲೇ ಇಲ್ಲ. ನಮ್ಮ ಗೈಡ್ ಒಳ್ಳೆಯ ಹುಡುಗ. ಬೆಳಗ್ಗಿನಿಂದ ಅದು ಅವನ ಎಂಟನೇ ಟ್ರಿಪ್. ಅಷ್ಟು ಜನರನ್ನು ತುಂಬಿಸಿದ್ದು ಅವನಲ್ಲ.

ಎರಡನೇ ರಾಪಿಡ್‌ನಲ್ಲಿ ರಾಫ್ಟ್ ಬಂಡೆಯ ಮೇಲೆ ಹತ್ತಿ ಒಂದು ಕಡೆಗೆ ವಾಲಿತು. ಮಧ್ಯದಲ್ಲಿದ್ದವರು ನಮ್ಮ ಮೇಲೆ ಜಾರಿದರು. ನಾಲ್ಕು ಜನ ನೀರಿಗೆ ಬಿದ್ದೆವು, ಅದರಲ್ಲಿ ನಾನು ಮತ್ತು ರೂಂಮೇಟ್.

ನೀರು ಸೊಂಟದ ಮಟ್ಟಕ್ಕಿತ್ತು. ಹೆದರಿಕೆಯಲ್ಲಿ ನಾನು ಎದ್ದು ನಿಂತೆ. ಇದನ್ನು ದಯವಿಟ್ಟು ನೆನಪಿಡಿ: ಹರಿಯುವ ನೀರಲ್ಲಿ ಯಾವತ್ತೂ ಎದ್ದು ನಿಲ್ಲಬೇಡಿ. ನನ್ನ ಬಲಗಾಲು ಎರಡು ಬಂಡೆಗಳ ಸಂದಿಗೆ ಹೋಯಿತು. ನೀರು ಹಿಂದಿನಿಂದ ದೂಡಿತು, ಕಾಲು ಬರಲಿಲ್ಲ, ಮುಖ ನೀರಿಗೆ ಹೋಯಿತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಶೂ ಕಳಚಿಕೊಂಡಿತು, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಬಿದ್ದರೆ ಅಂಗಾತ ಮಲಗಬೇಕು. ಕಾಲ್ಬೆರಳು ನೀರಿನ ಮೇಲೆ ಕಾಣಬೇಕು, ಪಾದ ನೀರು ಹೋಗುವ ದಿಕ್ಕಿಗಿರಬೇಕು. ಬಂಡೆ ಬಂದರೆ ಪಾದದಿಂದ ಒದೆಯಬಹುದು. ಈ ಎರಡು ಮಾತು ಹೇಳೋಕೆ ಅರ್ಧ ನಿಮಿಷ ಸಾಕಿತ್ತು.

ರೂಂಮೇಟ್‌ದು ಇನ್ನೂ ಕಷ್ಟ. ದಾರ ಬಿಚ್ಚಿಕೊಂಡು ಜಾಕೆಟ್ ಮೇಲಕ್ಕೆ ಏರಿತು. ಕಿವಿ, ಬಾಯಿ ಎಲ್ಲ ಜಾಕೆಟ್ಟಿನ ಒಳಗೆ. ತೇಲಿಸಬೇಕಾದದ್ದೇ ಮುಖ ಮುಚ್ಚುತ್ತಿತ್ತು. ಎರಡೂ ಕೈಯಲ್ಲಿ ಅದನ್ನು ಕೆಳಗೆ ಎಳೆದು ಹಿಡಿದಿದ್ದಳು. ಹಾಗಾಗಿ ಹಿಂದಿನ ರಾಫ್ಟಿನ ಗೈಡ್ ಹಗ್ಗ ಎಸೆದಾಗ ಹಿಡಿಯೋಕೆ ಅವಳಿಗೆ ಕೈಯೇ ಇರಲಿಲ್ಲ. ಮೊದಲ ಸಲ ತಪ್ಪಿತು. ಎರಡನೇ ಸಲ ಹಗ್ಗ ಅವಳ ಮೊಣಕೈಗೆ ಸುತ್ತಿಕೊಂಡಿತು.

ದಡಕ್ಕೆ ಬಂದ ಮೇಲೆ ಫಸ್ಟ್ ಏಡ್ ಬಾಕ್ಸ್ ಕೇಳಿದೆವು, ಇರಲಿಲ್ಲ. ನಮ್ಮ ಯಾರ ಫೋನಿಗೂ ನೆಟ್‌ವರ್ಕ್ ಸಿಗಲಿಲ್ಲ. ನಮ್ಮದೇ ಟಿಟಿಯಲ್ಲಿ ದಾಂಡೇಲಿಗೆ ಹೋಗಿ ಎಕ್ಸ್‌ರೇ ಮಾಡಿಸಿದೆವು. ಮೂಳೆಗೆ ಏನೂ ಆಗಿರಲಿಲ್ಲ, ಪಾದದ ಲಿಗಮೆಂಟ್ ಹರಿದಿತ್ತು. ಆರು ವಾರ ಊರುಗೋಲು. ದುಡ್ಡು ವಾಪಸ್ ಕೇಳಿದಾಗ ಆ ಸಹಿ ಹಾಕಿದ ಕಾಗದದ ಫೋಟೋ ಕಳಿಸಿದರು. ‘ನನ್ನ ಸ್ವಂತ ಜವಾಬ್ದಾರಿಯಲ್ಲಿ’ ಅಂತ ಅದರಲ್ಲಿತ್ತು.

ನೀವು ಹೋದಾಗ ಜಾಕೆಟ್ ತೊಟ್ಟು, ಎಲ್ಲ ಬಕಲ್ ಹಾಕಿ, ಪಕ್ಕದವರಿಗೆ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಯೋಕೆ ಹೇಳಿ. ಜಾಕೆಟ್ ಕಿವಿಯವರೆಗೆ ಬಂದರೆ ಬಿಗಿ ಮಾಡಿ, ಆಗದಿದ್ದರೆ ಬೇರೆ ಕೇಳಿ. ಹೆಲ್ಮೆಟ್ಟೂ ಅಷ್ಟೇ, ಅಲ್ಲಾಡಬಾರದು. ಚಪ್ಪಲಿ ಬೇಡ, ಪಾದ ಪೂರ್ತಿ ಮುಚ್ಚುವ ಶೂ ಇರಲಿ. ಹುಟ್ಟಿನ ಮೇಲ್ತುದಿಯ ಹಿಡಿಕೆಯ ಮೇಲಿಂದ ಕೈ ತೆಗೆಯಬೇಡಿ, ಅದು ಎಗರಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನಮ್ಮ ರಾಫ್ಟಿನಲ್ಲೇ ಒಬ್ಬರ ತುಟಿ ಹಾಗೇ ಒಡೆಯಿತು. ಸಾಧ್ಯವಾದರೆ ಸಾಲು ರಜೆ ಬಿಟ್ಟು ವಾರದ ನಡುವಿನ ದಿನ ಹೋಗಿ. ಅವತ್ತು ಗೈಡ್‌ಗೆ ನಿಮಗಾಗಿ ಹತ್ತು ನಿಮಿಷ ಇರುತ್ತದೆ.

ಇನ್ನು ಬುಕ್ ಮಾಡುವ ಮೊದಲೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ಒಂದು ರಾಫ್ಟಿಗೆ ಎಷ್ಟು ಜನರನ್ನು ಕೂರಿಸುತ್ತೀರಿ? ಆರು ಅಥವಾ ಎಂಟು ಅಂತ ಹೇಳಿದರೆ ಅದನ್ನೇ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ‘ಬನ್ನಿ, ಅಡ್ಜಸ್ಟ್ ಮಾಡೋಣ’ ಅಂದರೆ ಫೋನ್ ಇಟ್ಟುಬಿಡಿ.