ಡಾಕ್ಟರ್ ಆಗೋ ಆಸೆ ಇದ್ದರೆ ಯುಟಿ ಆಸ್ಟಿನ್ನಾ, ಯುಟಿ ಡಲ್ಲಾಸಾ?

ಡಲ್ಲಾಸ್ ಹತ್ತಿರದ ಪ್ಲೇನೋ, ಫ್ರಿಸ್ಕೋ ಕಡೆಯ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಯುಟಿ ಅಂದರೆ ಯೂನಿವರ್ಸಿಟಿ ಆಫ್ ಟೆಕ್ಸಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಆದಮೇಲೇ ಮೆಡಿಕಲ್. ಇರೋ ದುಡ್ಡನ್ನೆಲ್ಲ ಮೊದಲೇ ಸುರಿದರೆ ಆಮೇಲೆ ಸಾಲವೇ ಗತಿ.

ಆಸ್ಟಿನ್‌ಗೆ ಹೆಸರಿದೆ, ದೊಡ್ಡ ಲ್ಯಾಬುಗಳಿವೆ, 2016ರಲ್ಲಿ ಮೊದಲ ಬ್ಯಾಚ್ ತೆಗೆದುಕೊಂಡ ಡೆಲ್ ಮೆಡಿಕಲ್ ಸ್ಕೂಲ್ ಅಲ್ಲೇ ಇದೆ. ಆದರೆ ಮೊದಲ ವರ್ಷದ ಕೆಮಿಸ್ಟ್ರಿ ಕ್ಲಾಸಲ್ಲಿ ನೂರಾರು ಮಕ್ಕಳು, ಪ್ರೊಫೆಸರ್‌ಗೆ ನಿಮ್ಮ ಮಗಳ ಮುಖ ಗೊತ್ತಾಗಬೇಕಂದರೆ ಅವಳೇ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ಮಕ್ಕಳಿಗೆ ಸಿಗೋ ಹೊತ್ತು) ಹೋಗಿ ಕೂರಬೇಕು, ಇಲ್ಲದಿದ್ದರೆ ನಾಳೆ ಮೆಡಿಕಲ್‌ ಅರ್ಜಿಗೆ ಶಿಫಾರಸು ಪತ್ರ ಬರೆಯೋರು ಯಾರು? ಕ್ಯಾಂಪಸ್ ಹತ್ತಿರದ ಬಾಡಿಗೆಯಂತೂ ಕೇಳಲೇಬೇಡಿ.

ರಿಚರ್ಡ್‌ಸನ್‌ನಲ್ಲಿರುವ ಯುಟಿ ಡಲ್ಲಾಸ್‌ಗೆ ಮನೆಯಿಂದಲೇ ಓಡಾಡಬಹುದು. ಬಾಡಿಗೆ, ಊಟ ಎರಡೂ ಉಳಿಯಿತು. ಮೆರಿಟ್ ಸ್ಕಾಲರ್‌ಶಿಪ್ ಸಿಕ್ಕರೆ ಇನ್ನೂ ಅಗ್ಗ. ವಾಲಂಟಿಯರಿಂಗ್, ರಿಸರ್ಚ್‌ಗೆ ಹುಡುಕೋಕೆ ಡಲ್ಲಾಸ್‌ನಲ್ಲೇ ಯುಟಿ ಸೌತ್‌ವೆಸ್ಟರ್ನ್ ಮೆಡಿಕಲ್ ಸೆಂಟರ್, ಪಾರ್ಕ್‌ಲ್ಯಾಂಡ್ ಆಸ್ಪತ್ರೆ ಇವೆ, ಕಾರು ಮಾತ್ರ ಬೇಕೇ ಬೇಕು.

ಟೆಕ್ಸಸ್‌ನ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೆಚ್ಚಿನ ಸೀಟುಗಳನ್ನು ರಾಜ್ಯದವರಿಗೇ ಕೊಡುತ್ತವೆ. ಆ ಲಾಭ ಟೆಕ್ಸಸ್ ನಿವಾಸಿಗೆ, ಎಲ್ಲಿ ಓದಿದರೂ ಅಷ್ಟೇ. ಈ ಕಾಲೇಜುಗಳ ಅರ್ಜಿಯ ಜಿಪಿಎ (ಸರಾಸರಿ ಗ್ರೇಡ್) ಲೆಕ್ಕದಲ್ಲಿ ಪ್ಲಸ್, ಮೈನಸ್ ಹಿಡಿಯೋದಿಲ್ಲ, ಎ ಮೈನಸ್ ಕೂಡ ಎ ಅಂತಲೇ.

ನನ್ನ ಓಟು ಡಲ್ಲಾಸ್‌ಗೆ. ಮೆಡಿಕಲ್ ಬಗ್ಗೆ ಮಗಳಿಗೇ ಇನ್ನೂ ಅನುಮಾನ ಇದ್ದರೆ, ಖರ್ಚಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲದಿದ್ದರೆ, ಆಸ್ಟಿನ್‌ಗೇ ಕಳಿಸಿ, ಅಲ್ಲಿ ಬೇರೆ ದಾರಿಗಳು ಜಾಸ್ತಿ.