ಫೈಬರ್ ಬಾನೆಟ್‌ನಲ್ಲಿ ಕಿಂಡಿ ಕೊರೆಯಲು ಯಾವ ಬ್ಲೇಡು?

ನನ್ನ ಹಳೆಯ ಡೀಸೆಲ್ ಜೀಪಿಗೆ ಇರುವುದು ಫೈಬರ್ ಬಾನೆಟ್, ಅಂದರೆ ಗಾಜಿನ ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ಕೂಡಿಸಿ ಮಾಡಿದ್ದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವಾಗ ಅದರಡಿಯಲ್ಲಿ ಎಂಜಿನ್ ಬೇಯುತ್ತದೆ. ಬಿಸಿಗಾಳಿ ಹೊರಬೀಳಲು 12 ಇಂಚು ಉದ್ದ, 4 ಇಂಚು ಅಗಲದ ಎರಡು ಕಿಂಡಿಗಳು ಬೇಕಾಗಿದ್ದವು. ಬಣ್ಣ ಹೊಡೆಸಿ ಇನ್ನೂ ವರ್ಷ ತುಂಬಿಲ್ಲ; ಮತ್ತೆ ಪೇಂಟರ್ ಮುಂದೆ ನಿಲ್ಲದೆ ಕೊರೆಯಬೇಕೆಂಬುದು ನನ್ನ ಹಟ. ಗುಜರಿಯಿಂದ ಒಡೆದ ಬಾನೆಟ್ ಒಂದನ್ನು ತಂದು, ಹುಮನಾಬಾದ್ ರಿಂಗ್ ರಸ್ತೆಯ ಹತ್ತಿರದ ಗ್ಯಾರೇಜಿನಲ್ಲಿ ಎರಡು ಭಾನುವಾರ ಬೆಳಗ್ಗೆ ಎಲ್ಲ ಸಾಧನಗಳನ್ನೂ ಅದರ ಮೇಲೆ ಪ್ರಯೋಗಿಸಿದೆ. ಮಾಸ್ಕಿಂಗ್ ಟೇಪ್ ಎರಡು ಪದರ, ಅದರ ಮೇಲೆ ಪೆನ್ಸಿಲ್ ಗೆರೆ. ಇಷ್ಟು ಎಲ್ಲಕ್ಕೂ ಸಮಾನ.

ಮೊದಲು ಹ್ಯಾಕ್ಸಾ ಬ್ಲೇಡು. ಒಂದು ತುದಿಗೆ ಬಟ್ಟೆ ಸುತ್ತಿ, ಹಲ್ಲುಗಳು ಕೆಳಮುಖವಾಗಿ ಒತ್ತುವಾಗ ಕೊಯ್ಯುವಂತೆ ಹಿಡಿದೆ. ಬಣ್ಣ ಎಲ್ಲಿಯೂ ಏಳಲಿಲ್ಲ. ಆದರೆ ಗಾಜಿನ ನಾರು ಉಕ್ಕಿನ ಹಲ್ಲನ್ನು ಬೇಗ ತಿನ್ನುತ್ತದೆ. ಅರ್ಧ ಅಡಿಗೆ ಬ್ಲೇಡು ಮೊಂಡಾಯಿತು, ಗೆರೆಯೂ ಓರೆಯಾಯಿತು.

ಜಿಗ್‌ಸಾ ಬಗ್ಗೆ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸದ ಬಗ್ಗೆ, ಹೇಳುವುದು ಬಹಳವಿದೆ. ಮರಕ್ಕೆ ಬಳಸುವ ಮಾಮೂಲಿ ಬ್ಲೇಡಿನ ಹಲ್ಲು ಮೇಲೇರುವಾಗ ಕೊಯ್ಯುತ್ತದೆ. ಬಣ್ಣದ ಕೆಳಗಿರುವ ಜೆಲ್‌ಕೋಟ್ ಪದರ ಗಡುಸು, ಬಿರುಸು. ಕೆಳಗಿನಿಂದ ಎತ್ತಿದರೆ ಸಿಡಿಯುತ್ತದೆ. ಟೇಪ್ ತೆಗೆದು ನೋಡಿದರೆ ಗೆರೆಯುದ್ದಕ್ಕೂ ತೊಗರಿ ಹೊಟ್ಟಿನಷ್ಟು ಅಗಲದ ಚೂರುಗಳು ಎದ್ದಿದ್ದವು. ಟೇಪ್ ಗೀರು ಬೀಳುವುದನ್ನು ತಡೆಯುತ್ತದೆ, ಸಿಡಿಯುವುದನ್ನು ಪೂರ್ತಿ ತಡೆಯುವುದಿಲ್ಲ. ಹಲ್ಲು ಕೆಳಮುಖವಾಗಿರುವ ಬ್ಲೇಡು ಹಾಕಿದಾಗ ಆ ತೊಂದರೆ ಹೋಯಿತು, ಆದರೆ ಯಂತ್ರವೇ ಮೇಲಕ್ಕೆ ಒದೆಯುತ್ತದೆ. ಎರಡು ಕೈಯಿಂದ ಅದುಮಿ ಹಿಡಿಯಬೇಕು. ಮೂರನೆಯದು ಹಲ್ಲೇ ಇಲ್ಲದ, ಕಾರ್ಬೈಡ್ ಹರಳು ಮೆತ್ತಿದ ಬ್ಲೇಡು. ಇದು ಕೊಯ್ಯುವುದಕ್ಕಿಂತ ಸವೆಸುತ್ತದೆ ಎನ್ನಬೇಕು. ನಿಧಾನ, ಆದರೆ ಅಂಚು ಸೊಗಸು, ಬಾಗಿದ ಗೆರೆಯನ್ನೂ ಬಿಡದೆ ಹಿಂಬಾಲಿಸಿತು. ಜಿಗ್‌ಸಾದ ತಳಕ್ಕೂ ಟೇಪ್ ಅಂಟಿಸುವುದನ್ನು ಮರೆಯಬೇಡಿ; ಅದು ಬಣ್ಣದ ಮೇಲೆಯೇ ಉಜ್ಜಿಕೊಂಡು ಹೋಗುತ್ತದೆ.

ಗ್ಯಾರೇಜಿನ ಉಸ್ತಾದರ ಮೆಚ್ಚಿನ ಸಾಧನ 4 ಇಂಚಿನ ಗ್ರೈಂಡರ್, ಅದಕ್ಕೆ ಕಬ್ಬಿಣ ಕತ್ತರಿಸುವ 1 ಮಿಲಿಮೀಟರ್ ಚಕ್ರ. ಒಂದಡಿ ಗೆರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬೆಲೆ ತೆತ್ತದ್ದು ಬಣ್ಣ: ಅಂಚು ಕಂದಾಗಿ, ರೆಸಿನ್ ಸುಟ್ಟ ವಾಸನೆ ಮೂಗಿಗೆ ಅಡರಿತು. ನನ್ನ ಮಟ್ಟಿಗೆ ಇದು ಬೇಡವೇ ಬೇಡ.

ದಾರಿ ತೋರಿಸಿದವರು ಶಹಾಬಾದ್ ಪರಸಿ ಹಾಸುವ ಕೆಲಸದ ನಮ್ಮ ಕಾಕಾ. ಕಲ್ಲಿಗೆ ಬಳಸುವ ಡೈಮಂಡ್ ಬ್ಲೇಡು ಕೇಳಲು ಹೋದಾಗ, ‘ತಮ್ಮಾ, ಅಂಚಿನಲ್ಲಿ ಕಚ್ಚು ಇರುವುದು ಕಲ್ಲಿಗೆ. ನುಣುಪು ಬೇಕಾದರೆ ಕಚ್ಚಿಲ್ಲದ್ದನ್ನು ಒಯ್ಯಿ, ಟೈಲ್ಸಿಗೆ ಹಾಕುವುದನ್ನು’ ಎಂದರು. ಎರಡನ್ನೂ ಗ್ರೈಂಡರಿಗೆ ಹಾಕಿ ನೋಡಿದೆ. ಕಚ್ಚಿನ ಬ್ಲೇಡು ಬಣ್ಣವನ್ನು ಅಲ್ಲಲ್ಲಿ ಕೆತ್ತಿತು. ಅಖಂಡ ಅಂಚಿನದು ಕ್ಷೌರದ ಬ್ಲೇಡಿನಂತೆ ಸೀಳಿತು. ಗೇಣಿಗೊಮ್ಮೆ ನಿಲ್ಲಿಸಿ ಆರಲು ಬಿಟ್ಟೆ. ಕರೆಂಟಿನ ಗ್ರೈಂಡರ್ ಆದ್ದರಿಂದ ನೀರು ಹಾಕುವ ಮಾತೇ ಇಲ್ಲ.

ಗ್ರೈಂಡರಿನ ದೌರ್ಬಲ್ಯ ಮೂಲೆಯಲ್ಲಿದೆ. ಚಕ್ರ ದುಂಡಗಿರುವುದರಿಂದ ಕೆಳಪದರ ಮೂಲೆಯವರೆಗೆ ಸೀಳುವಷ್ಟರಲ್ಲಿ ಮೇಲಿನ ಸೀಳು ಬೆರಳಗಲದಷ್ಟು ಮುಂದೆ ಹೋಗಿರುತ್ತದೆ, ಅದೂ ಬಣ್ಣದ ಮೇಲೆ. ಆದ್ದರಿಂದ ಮೂಲೆಗೆ ಎರಡು ಇಂಚು ಮುಂಚೆಯೇ ನಿಲ್ಲಿಸಿ, ಉಳಿದದ್ದನ್ನು ಹರಳಿನ ಬ್ಲೇಡಿನ ಜಿಗ್‌ಸಾಗೆ ಬಿಟ್ಟೆ. ಚೂಪು ಮೂಲೆ ಇಟ್ಟರೆ ಅಲ್ಲಿಂದಲೇ ಬಿರುಕು ಹರಿಯುತ್ತದೆ. ಅದಕ್ಕೇ ನಾಲ್ಕೂ ಮೂಲೆಗೆ ಮೊದಲೇ 25 ಮಿಲಿಮೀಟರ್ ಹೋಲ್ ಸಾ, ಅಂದರೆ ಡ್ರಿಲ್ಲಿಗೆ ಸಿಕ್ಕಿಸಿ ದುಂಡು ತೂತು ಕೊರೆಯುವ ಗರಗಸ, ಹಾಕಿದ್ದೆ. ಅದನ್ನು ಮೊದಲು ಉಲ್ಟಾ ತಿರುಗಿಸಬೇಕು. ಹಲ್ಲು ಕಚ್ಚದೆ ಬಣ್ಣವನ್ನೂ ಜೆಲ್‌ಕೋಟನ್ನೂ ಕೆರೆಯುತ್ತ ಇಳಿಯುತ್ತದೆ. ಮಾಸಲು ಬಣ್ಣದ ನಾರು ಕಂಡ ಮೇಲೆ ಸುಲ್ಟಾ ತಿರುಗಿಸಿದರೆ ಅಂಚು ಹಾಗೇ ಉಳಿಯುತ್ತದೆ.

ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಸಾಧನವನ್ನೂ ನೋಡಿದೆ. ಅದರ ಕಾಸಿನಗಲದ ಚಕ್ರಗಳು ಒಂದರ ಹಿಂದೆ ಒಂದು ಮುರಿದವು. ಮೂಲೆ ತಿದ್ದಲು ಸಾಕು, ಅಷ್ಟೇ.

ಯಾವುದನ್ನು ಹಿಡಿದರೂ ಏಳುವ ಧೂಳು ಗಾಜಿನದು. ಒಳ್ಳೆಯ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಸ್ವಿಚ್ ಒತ್ತಬೇಡಿ. ನಾನು ಮೊದಲ ಭಾನುವಾರ ತೋಳು ಮಡಚಿ ಕುಳಿತಿದ್ದೆ. ಬೆವರಿಗೆ ಅಂಟಿದ ಆ ಪುಡಿಯ ನವೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ.

ಜೀಪಿನ ಬಾನೆಟ್ಟನ್ನು ಮೂರನೆಯ ಭಾನುವಾರ ಕೊರೆದೆ: ನೇರ ಗೆರೆಗೆ ಟೈಲ್ಸಿನ ಡೈಮಂಡ್ ಬ್ಲೇಡು, ಮೂಲೆಗೆ ಹರಳಿನ ಜಿಗ್‌ಸಾ. ಕೆಳಗಡೆ ಆಧಾರದ ಪಟ್ಟಿ ಎಲ್ಲಿದೆ ಎಂದು ಮೊದಲೇ ಗುರುತು ಮಾಡಿಕೊಂಡಿದ್ದೆ. 120, ಆಮೇಲೆ 220 ನಂಬರಿನ ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಬಣ್ಣದಿಂದ ಕೆಳಮುಖವಾಗಿ ಮಾತ್ರ ಎಳೆದೆ. ಬಿಟ್ಟ ಬಾಯಿಯ ನಾರು ನೀರು ಹೀರುತ್ತದೆ, ಮಳೆಗಾಲ ದೂರವಿಲ್ಲ. ಅಂದೇ ಸಂಜೆ ಸಣ್ಣ ಬ್ರಷ್ಷಿನಿಂದ ಅಂಚಿಗೆಲ್ಲ ರೆಸಿನ್ ಸವರಿದೆ. ಮರುದಿನ ಟೇಪ್ ಬಿಚ್ಚಿದಾಗ ಎಡಗಿಂಡಿಯ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಬಣ್ಣ ಎದ್ದಿತ್ತು. ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ.